ಹಮ್ಜಾ ಹಾಕಿದ ಮೆಹರ್

ತುಮಕೂರಿನ ಮರಳೂರು ದಿಣ್ಣೆಯ ನಮ್ಮ ಮನೆಯ ಮಕ್ಕಳಿಗೆ ಈಗ ವಂಶವೃಕ್ಷ ಬರೆಯುವ ಹುಚ್ಚು ಹಿಡಿದಿದೆ. ರಾಜ್ಯದಲ್ಲಿ ವಿವಾಹ ನೋಂದಣಿ ಕಾಯ್ದೆ ಬಂದದ್ದೇ ತಡವಾಗಿ. ಅದಕ್ಕೂ ಹಿಂದಿನ ನಮ್ಮಂಥವರ ಗುರುತು ಹುಡುಕಬೇಕಾದರೆ ಮಸೀದಿಯ ನಿಕಾಹ್ ದಫ್ತರನ್ನೇ ತೆರೆಯಬೇಕು. ಮನೆಯಲ್ಲಿ ಉರ್ದು ಓದಬಲ್ಲವರು ನಾವೊಬ್ಬರೇ ಆದ್ದರಿಂದ ಆ ಕೆಲಸ ನಮ್ಮ ಪಾಲಿಗೆ ಬಂತು.

1958ರ ಪುಟದಲ್ಲಿ ದಾದಾ-ದಾದಿಯರ ನಿಕಾಹ್ ಸಿಕ್ಕಿತು. ವಧೂವರರು, ಇಬ್ಬರ ತಂದೆಯರು, ವಕೀಲರು, ಇಬ್ಬರು ಸಾಕ್ಷಿಗಳು. ತಾಯಂದಿರ ಹೆಸರಿಗೆ ಜಾಗವೇ ಇರಲಿಲ್ಲ. ಮಕ್ಕಳು ಮುತ್ತಜ್ಜಂದಿರ ಹೆಸರು ಬರೆದುಕೊಂಡು ಸಂಭ್ರಮಿಸಿದರು. ನಮ್ಮ ಕಣ್ಣು ಮಾತ್ರ ಕೆಳಗಿನ ಸಾಲಿನಲ್ಲೇ ನಿಂತಿತು: ಮೆಹರ್ 125 ರೂಪಾಯಿ, ಮುಅಜ್ಜಲ್.

ಕನ್ನಡದಲ್ಲಿ ಬರೆದರೆ ಈ ಪದ ಒಂದೇ, ಉರ್ದುವಿನಲ್ಲಿ ಎರಡು. 'ಐನ್' ಅಕ್ಷರ ಬಳಸಿದರೆ ಕೂಡಲೇ ಕೊಡಬೇಕಾದ ಮೆಹರ್. 'ಹಮ್ಜಾ' ಹಾಕಿದರೆ ಮುಂದೆ ಕೊಡುತ್ತೇನೆಂದು ಉಳಿಸಿಕೊಂಡ ಮೆಹರ್. ಅಲ್ಲಿ ಇದ್ದದ್ದು ಹಮ್ಜಾ.

ಆ ಹಣ ಸಂದಾಯವಾಯಿತೇ? ನಮಗೆ ನೆನಪಿರುವುದು ದಾದಾ ತೀರಿಕೊಂಡ ದಿನ. ಜನಾಝಾ ಎತ್ತುವ ಮುನ್ನ ಹೆಂಗಸರು ದಾದಿಯನ್ನು ಕೈಹಿಡಿದು ತಂದು, 'ಮೆಹರ್ ಮಾಫ್ ಮಾಡಿದೆ ಅನ್ನಿ' ಎಂದರು. ಅಳುತ್ತಿದ್ದ ದಾದಿ ತಲೆಯಾಡಿಸಿದರು. ಹೆಂಡತಿ ಮನಸಾರೆ ಬಿಟ್ಟುಕೊಟ್ಟರೆ ಗಂಡ ಅದನ್ನು ಅನುಭವಿಸಬಹುದು ಎನ್ನುತ್ತದೆ ಕುರ್‌ಆನಿನ ಅನ್ನಿಸಾ ಅಧ್ಯಾಯ. ಶವದ ಮುಂದೆ, ಅಷ್ಟು ಜನರ ನಡುವೆ ಬಿಟ್ಟುಕೊಟ್ಟದ್ದು ಮನಸಾರೆಯೇ?

ಆಸ್ತಿ ಹಂಚುವ ಮೊದಲು ಸಾಲ ತೀರಿಸಬೇಕು ಎನ್ನುವುದೂ ಅದೇ ಅಧ್ಯಾಯ. ಕೊಡದೆ ಉಳಿದ ಮೆಹರ್ ಗಂಡನ ಮೇಲಿನ ಸಾಲ. ದಾದಾರ ಮನೆಯನ್ನು ಅಬ್ಬಾ ಮತ್ತು ಚಾಚಾಗಳು ಹಂಚಿಕೊಂಡರು. ಅದೇ ಸೂರಿನಡಿ ನಾವು ಬೆಳೆದೆವು. ಸಾಲದ ಮಾತನ್ನು ಯಾರೂ ಎತ್ತಲಿಲ್ಲ. ಪಾಲಿಗೆ ಹಕ್ಕಿದ್ದ ಫುಪ್ಪುಗಳನ್ನೂ ಕರೆಯಲಿಲ್ಲ.

ಅರುವತ್ತು ವರ್ಷದ ಹಿಂದಿನ 125 ರೂಪಾಯಿ ಏನು ಮಹಾ ಎಂದು ಕೇಳಬಹುದು. ಸತ್ತವರನ್ನು ಈಗ ಕಟಕಟೆಗೆ ಎಳೆಯುವುದೇಕೆ ಎಂದೂ ಕೇಳಬಹುದು. ಎರಡನೆಯ ಪ್ರಶ್ನೆ ನಮ್ಮನ್ನೂ ಕಾಡಿತು. ಆದರೆ ಹಿರಿಯರ ಹೆಸರನ್ನು ಹೆಮ್ಮೆಯಿಂದ ಎತ್ತಿಕೊಳ್ಳುವವರು ಅವರು ಕೊಟ್ಟ ಮಾತನ್ನು ದಫ್ತರಿನಲ್ಲೇ ಬಿಟ್ಟು ಬರುವುದು ಯಾವ ನ್ಯಾಯ? ಖಾಜಿ ಸಾಹೇಬರು ಆ ಸಾಲು ಬರೆದದ್ದು ನಮ್ಮ ವಂಶ ಬೆಳಗಲೆಂದಲ್ಲ, ಒಬ್ಬ ಹೆಣ್ಣಿನ ಹಕ್ಕಿಗೆ ಸಾಕ್ಷಿ ಇರಲೆಂದು.

ದಾದಿ ಈಗಿಲ್ಲ. ಬದುಕಿರುವ ಫುಪ್ಪು ಒಬ್ಬರೇ, ಗುಬ್ಬಿಯಲ್ಲಿದ್ದಾರೆ. ಮುಂದಿನ ವಾರ ಅಲ್ಲಿಗೆ ಹೋಗುವುದೆಂದು ನಿಶ್ಚಯಿಸಿದ್ದೇವೆ, ದಫ್ತರಿನ ನಕಲಿನೊಂದಿಗೆ. ಹಿರಿಯ ಮಗಳ ನಿಕಾಹ್ ಕೂಡ ಹತ್ತಿರವಿದೆ. ಅಲ್ಲಿ ಯಾವ ಅಕ್ಷರ ಬೀಳುತ್ತದೆಂದು ಈ ಸಲ ಮೊದಲೇ ನೋಡಿಕೊಳ್ಳುತ್ತೇವೆ.