ಹೂ ಬಿಡದ ದಿನಗಳ ಮರ

ಫೆಬ್ರುವರಿಯ ಹೊತ್ತಿಗೆ ಬೆಂಗಳೂರಿನ ಟಬೆಬುಯಾ ಮರಗಳು ಎಲೆಯುದುರಿಸಿ ಮೈತುಂಬ ಗುಲಾಬಿ ಬಣ್ಣ ತಳೆದಿರುತ್ತವೆ. ಬೆನ್ನಿಗೇ ಜಕರಂಡದ ನೇರಳೆ, ಹೊಂಗೆಯ ಚಿಗುರು, ಬೇಸಿಗೆ ಏರಿದಂತೆ ಕಕ್ಕೆ ಮತ್ತು ಗುಲ್‌ಮೊಹರ್, ಮಳೆಗಾಲ ಕಳೆದ ಮೇಲೆ ಆಕಾಶಮಲ್ಲಿಗೆಯ ಪರಿಮಳ. ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಮರಗಳನ್ನು ಆಯ್ದು ನೆಡುವ ಯೋಚನೆಯನ್ನು ಈ ಊರಿಗೆ ಕೊಟ್ಟವರು 1908ರಲ್ಲಿ ಲಾಲ್‌ಬಾಗಿಗೆ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ನಗರದಲ್ಲಿ ಸುಮಾರು 15 ಲಕ್ಷ ಗಿಡಗಳನ್ನು ನೆಟ್ಟರು. ನಾವಿಂದು ಮೊಬೈಲ್ ಎತ್ತಿ ಫೋಟೊ ತೆಗೆಯುವ ಹೂವಿನ ಹಿಂದೆ ಇಂಥವರ ದಶಕಗಳ ದುಡಿಮೆಯಿದೆ.

ಫೋಟೊ ತೆಗೆದವರೇ ಮರುವಾರ ದೂರು ಕೊಡುವುದೂ ಉಂಟು: ಕಾರಿನ ಮೇಲೆ ಹೂ ಬೀಳುತ್ತದೆ, ಮೋರಿ ಕಟ್ಟಿಕೊಳ್ಳುತ್ತದೆ, ಕೊಂಬೆ ಕಡಿಸಿ. ನನಗೆ ಇದು ಬಹಳ ನೋವಿನ ಸಂಗತಿ. ಹೂವಿನ ಮರವೆಂದರೆ ಉದುರುವ ಮರ. ಹೊಂಗೆಯ ಕೆಳಗೆ ಮುಂಜಾನೆ ಹಾಸಿದ ಹೂವನ್ನು ಕಸವೆಂದು ಗುಡಿಸಿ ತುಂಬಿಸುವ ಬದಲು ಬುಡಕ್ಕೇ ಒಟ್ಟಿದರೆ ಅದು ಕೊಳೆತು ಗೊಬ್ಬರವಾಗುತ್ತದೆ, ಪೌರಕಾರ್ಮಿಕರ ಬೆನ್ನಿನ ಭಾರವೂ ಇಳಿಯುತ್ತದೆ. ಆದರೆ ಒಟ್ಟಲು ಬುಡದಲ್ಲಿ ಮಣ್ಣೇ ಎಲ್ಲಿದೆ? ಕಾಂಡಕ್ಕೆ ತಾಗಿಸಿ ಕಾಂಕ್ರೀಟು ಸುರಿದಿದ್ದೇವೆ. ಪೈಪು, ಕೇಬಲ್ಲಿಗೆಂದು ಅಗೆದಾಗಲೆಲ್ಲ ಬೇರು ಕತ್ತರಿಸಿದ್ದೇವೆ. ಗುಲ್‌ಮೊಹರಿನ ಬೇರು ಆಳಕ್ಕೆ ಇಳಿಯುವುದು ಕಡಿಮೆ, ಕೊಂಬೆಯೂ ಮೆದು. ಅಂಥದನ್ನು ಇಕ್ಕಟ್ಟಾದ ಫುಟ್‌ಪಾತಿನಲ್ಲಿ ನೆಟ್ಟು, ಬೇರನ್ನೂ ಕಡಿದು, ಮೊದಲ ಬಿರುಮಳೆಗೆ ಅದು ಉರುಳಿದಾಗ ಮರಗಳೇ ಅಪಾಯ ಎನ್ನುವುದು ನ್ಯಾಯವೇ?

ಬಣ್ಣಕ್ಕೆ ಮಾತ್ರ ಸೋತು ಮರ ಆರಿಸುವುದೂ ಇದೇ ಮನಸ್ಸಿನ ಇನ್ನೊಂದು ಮುಖ. ಟಬೆಬುಯಾ, ಜಕರಂಡ ಅಮೆರಿಕ ಖಂಡಗಳಿಂದ ಬಂದವು, ಗುಲ್‌ಮೊಹರ್ ಮಡಗಾಸ್ಕರಿನದು. ಬಂದು ನೆಲೆಸಿ ನೆರಳು ಕೊಟ್ಟ ಮರಗಳನ್ನು ಪರದೇಶಿಯೆಂದು ಹಳಿಯಲು ನನಗೆ ಮನಸ್ಸಿಲ್ಲ. ಆದರೂ ಹೊಸದಾಗಿ ನೆಡುವಾಗ ನಮ್ಮ ಹೊಳೆದಾಸವಾಳ, ಮುತ್ತುಗ, ಕಕ್ಕೆಗಳು ಮೊದಲು ನೆನಪಾಗಲಿ. ಮುತ್ತುಗ ಅರಳಿದರೆ ಹಕ್ಕಿಗಳು ಮಕರಂದಕ್ಕೆ ಮುತ್ತುತ್ತವೆ. ಕಕ್ಕೆಯ ಎಲೆ ತಿಂದು ಚಿಟ್ಟೆಯ ಹುಳುಗಳು ಬೆಳೆಯುತ್ತವೆ. ಎಲೆಯಲ್ಲಿ ತೂತು ಕಂಡೊಡನೆ ಔಷಧಿ ಹೊಡೆಸುವವರು ಇಷ್ಟನ್ನು ತಿಳಿದಿದ್ದರೆ ಸಾಕು, ಕೈ ತಡೆದೀತು.

ಮರ ಹೂ ತಳೆದು ನಿಲ್ಲುವುದು ವರ್ಷದಲ್ಲಿ ಕೆಲವೇ ವಾರ. ಉಳಿದ ದಿನ ಅದು ಧೂಳು ಹೊತ್ತು, ಬಿಸಿಲು ತಡೆದು, ಮೊಳೆ ಹೊಡೆದ ಜಾಹೀರಾತನ್ನೂ ಸಹಿಸಿ ನಿಂತಿರುತ್ತದೆ. ಅದರ ಕೆಳಗೇ ಹೂ ಮಾರುವವರು ಬುಟ್ಟಿ ಇಟ್ಟುಕೊಳ್ಳುತ್ತಾರೆ, ಬಸ್ಸಿಗೆ ಕಾಯುವವರು ನಿಲ್ಲುತ್ತಾರೆ. ಹೂವಿಲ್ಲದ ಆ ದಿನಗಳಲ್ಲಿ ಯಾರಾದರೂ ಮೊಳೆ ಕೀಳುತ್ತಿದ್ದರೆ, ಬುಡದ ಕಾಂಕ್ರೀಟು ಒಡೆದು ಮಣ್ಣಿಗೆ ಗಾಳಿಯಾಡಿಸುತ್ತಿದ್ದರೆ, ಮರವನ್ನು ನಿಜವಾಗಿ ಪ್ರೀತಿಸುವವರು ಅವರೆಂದೇ ನನ್ನ ಭಾವನೆ.

ಜೂನ್ ಬಂದರೆ ಮತ್ತೆ ಸಸಿ ನೆಡುವ ಸಮಾರಂಭಗಳು. ಈ ಸಲ ಗುಂಡಿ ತೋಡುವ ಮುನ್ನ ಮೇಲಿನ ವಿದ್ಯುತ್ ತಂತಿಯನ್ನೂ ಕೆಳಗಿನ ಜಾಗವನ್ನೂ ನೋಡೋಣ. ಮೊದಲ ಎರಡು ಮೂರು ಬೇಸಿಗೆ ಆ ಸಸಿಗೆ ನೀರು ಹಾಕುವವರು ಯಾರೆಂದು ಬೀದಿಯವರೆಲ್ಲ ಕೂತು ಅಂದೇ ಗೊತ್ತುಮಾಡಿಕೊಳ್ಳೋಣ.