ಕೈ ಕಟ್ಟಿ ನಿಲ್ಲುವ ಪ್ರೀತಿ

ಒಂದು ದೃಶ್ಯವನ್ನು ಊಹಿಸಿಕೊಳ್ಳಿ. ಬೆಳಗಾದರೆ ಶಾಲಾಮಕ್ಕಳ ರೋಬೋಟ್ ಸ್ಪರ್ಧೆ. ಆರನೆಯ ತರಗತಿಯ ಹುಡುಗಿಯೊಬ್ಬಳು ತಂಡದ ರೋಬೋಟನ್ನು ಹತ್ತನೆಯ ಸಲ ಮೇಜಿನ ಮೇಲೆ ಓಡಿಸುತ್ತಾಳೆ. ತಿರುವಿನಲ್ಲಿ ಅದು ಮತ್ತೆ ದಾರಿ ತಪ್ಪುತ್ತದೆ. ಅವಳ ಕಣ್ಣಲ್ಲಿ ನೀರು. ತಂಡಕ್ಕೆ ಮಾರ್ಗದರ್ಶನ ಮಾಡುತ್ತಿರುವ ಅವಳ ತಂದೆ ಇಂಜಿನಿಯರ್. ತಪ್ಪು ಎಲ್ಲಿದೆಯೆಂದು ಅವರಿಗೆ ಗೊತ್ತು. ಸರಿಪಡಿಸಲು ಎರಡೇ ನಿಮಿಷ ಸಾಕು. ಅವರ ಸ್ಥಾನದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?

ಅಮೆರಿಕದ ಸಂಶೋಧಕ ಡೀನ್ ಕೇಮೆನ್ 1989ರಲ್ಲಿ 'ಫಸ್ಟ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. 1992ರಲ್ಲಿ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೈಸ್ಕೂಲೊಂದರಲ್ಲಿ 28 ತಂಡಗಳ ಮೊದಲ ಸ್ಪರ್ಧೆ ನಡೆಯಿತು. ಅದರಲ್ಲಿ ವಿದ್ಯಾರ್ಥಿಗಳೊಂದಿಗೆ ಇಂಜಿನಿಯರುಗಳೂ ಕೂಡಿ ದುಡಿಯಬೇಕೆಂಬುದೇ ಉದ್ದೇಶವಾಗಿತ್ತು. ಆದರೆ ಇನ್ನೂ ಚಿಕ್ಕ ಮಕ್ಕಳಿಗಾಗಿ ಲೆಗೋ ಕಂಪನಿಯ ಜೊತೆಗೂಡಿ 1998ರಲ್ಲಿ ರೂಪಿಸಿದ ಸ್ಪರ್ಧೆಯ ನೀತಿ ಬೇರೆ: ಕೆಲಸವೆಲ್ಲ ಮಕ್ಕಳದ್ದೇ ಆಗಿರಬೇಕು. ಎರಡೂವರೆ ನಿಮಿಷದ ಆಟದ ಅಂಕಗಳಷ್ಟೇ ಅಲ್ಲಿ ಸಾಲದು. ರೋಬೋಟನ್ನು ಹೇಗೆ ಕಟ್ಟಿದಿರಿ ಎಂದು ತೀರ್ಪುಗಾರರು ಮಕ್ಕಳನ್ನೇ ಕೇಳುತ್ತಾರೆ.

ಏಕೆ ಈ ಭೇದ? ಬೆಳೆದ ವಿದ್ಯಾರ್ಥಿ ಹಿರಿಯರ ಕೈಕೆಲಸವನ್ನು ನೋಡಿ ಕಲಿಯಬಲ್ಲ. ಎಳೆಯ ಮಗುವಿಗೆ ಅದೇ ಕೈ 'ನಿನ್ನಿಂದ ಆಗದು' ಎಂಬ ತೀರ್ಪಿನಂತೆ ಕಾಣಬಹುದು.

'ಉಳಿದ ಪೋಷಕರು ಸಹಾಯ ಮಾಡುತ್ತಾರಲ್ಲ, ಪ್ರಾಮಾಣಿಕತೆಗಾಗಿ ನಮ್ಮ ಮಗುವೇ ಏಕೆ ಸೋಲಬೇಕು?' ಎಂದು ನೀವು ಕೇಳಬಹುದು. ಇದು ತಳ್ಳಿಹಾಕುವ ಪ್ರಶ್ನೆಯಲ್ಲ. ಸೋತ ಮಗುವಿನ ಕಣ್ಣೀರು ಸುಳ್ಳಲ್ಲ. ಆದರೆ 'ಈ ತಿರುವನ್ನು ಹೇಗೆ ಸರಿಮಾಡಿದೆ?' ಎಂದು ತೀರ್ಪುಗಾರರು ಕೇಳಿದಾಗ ಅವಳು ಏನು ಹೇಳಬೇಕು? ಒಂದೋ ತಲೆ ತಗ್ಗಿಸಬೇಕು, ಇಲ್ಲವೇ ಸುಳ್ಳಾಡಬೇಕು. ಬಹುಮಾನ ಬಂದರೂ ಅದು ತನ್ನದಲ್ಲವೆಂದು ಅವಳ ಮನಸ್ಸಿಗೆ ಗೊತ್ತಿರುತ್ತದೆ.

ಹಾಗೆಂದು ಕೈ ಕಟ್ಟಿ ನಿಲ್ಲುವುದೆಂದರೆ ಕೈ ಬಿಡುವುದಲ್ಲ. 'ಎರಡು ಚಕ್ರಗಳೂ ಸಮನಾಗಿ ತಿರುಗುತ್ತಿವೆಯೇ? ಬ್ಯಾಟರಿ ನಿನ್ನೆಯಷ್ಟೇ ತುಂಬಿದೆಯೇ? ಪ್ರತಿ ಸಲವೂ ಒಂದೇ ಜಾಗದಿಂದ ಹೊರಡಿಸಿದೆಯಾ?' ಎಂದು ಕೇಳಬಹುದು. ಉತ್ತರ ಅವಳೇ ಹುಡುಕಲಿ. ಸಿಗದಿದ್ದರೆ, ಸೋಲಿನಲ್ಲಿ ಅವಳ ಪಕ್ಕದಲ್ಲಿರೋಣ.

ಎಂಐಟಿಯ ಪ್ರಾಧ್ಯಾಪಕರಾಗಿದ್ದ ದಿವಂಗತ ವುಡೀ ಫ್ಲವರ್ಸ್ ಈ ಸ್ಪರ್ಧೆಗಳಿಗೆ ಒಂದು ಧ್ಯೇಯ ಕೊಟ್ಟರು: ಛಲದಿಂದ ಸ್ಪರ್ಧಿಸು, ಆದರೆ ಎದುರಾಳಿಯನ್ನು ಗೌರವದಿಂದ ಕಾಣು, ಅವನಿಗೂ ನೆರವಾಗು. ಎದುರು ತಂಡದ ಬಿಡಿಭಾಗ ಮುರಿದಾಗ ತನ್ನದನ್ನು ಕೊಡಲು ಯಾವ ಮಗುವಿಗೆ ಮನಸ್ಸು ಬಂದೀತು? ಗೆಲುವೇ ಸರ್ವಸ್ವವಲ್ಲವೆಂದು ಮನೆಯಲ್ಲಿ ಕಂಡ ಮಗುವಿಗೆ.

ನಮ್ಮ ಮನೆಗಳಲ್ಲಿ ರೋಬೋಟ್ ಇಲ್ಲದಿರಬಹುದು. ಲೆಕ್ಕದ ಪುಸ್ತಕವಿದೆ, ಚಿತ್ರದ ಹಾಳೆಯಿದೆ, ವಿಜ್ಞಾನದ ಮಾದರಿಯಿದೆ. ಇಂದು ರಾತ್ರಿ ನಿಮ್ಮ ಮಗು ಲೆಕ್ಕ ಬಾರದೆ ನಿಮ್ಮ ಮುಖ ನೋಡಿದಾಗ ಪೆನ್ಸಿಲನ್ನು ಕಸಿದುಕೊಳ್ಳಬೇಡಿ. ಪಕ್ಕದಲ್ಲಿ ಕುಳಿತುಕೊಳ್ಳಿ. ಕಾಯುವುದೂ ಪ್ರೀತಿಯೇ.