ಪರರ ಪುರಾತನವನ್ನು ಓದುವ ಧರ್ಮ

ಮೂಡಿಗೆರೆ ಕಳಸಗಳ ಕಡೆ ಮಳೆಗಾಲವೆಂದರೆ ಮನೆಯೊಳಗೆ ಕುಳಿತು ಓದುವ ಕಾಲ. ಈಗ ಗ್ರಂಥಗಳ ಜೊತೆಗೆ ಅಂತರ್ಜಾಲವೂ ಸೇರಿರುವುದು. ಅಮೆರಿಕಾದ ಯೇಲ್ ವಿಶ್ವವಿದ್ಯಾನಿಲಯವು ೨೦೦೭ರಿಂದ ತನ್ನ ಕೆಲವು ತರಗತಿಗಳ ಉಪನ್ಯಾಸಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿಟ್ಟಿದೆ. ಡೊನಾಲ್ಡ್ ಕೇಗನ್ನರ ಪ್ರಾಚೀನ ಗ್ರೀಸಿನ ಚರಿತ್ರೆಯನ್ನೂ, ಪಾಲ್ ಫ್ರೀಡ್‌ಮನ್ನರ ಕ್ರಿ. ಶ. ೨೮೪ರಿಂದ ೧೦೦೦ದ ವರೆಗಿನ ಚರಿತ್ರೆಯನ್ನೂ ನಾನು ಹೀಗೆಯೇ ಕೇಳಿದೆನು. ಕೇಗನ್ನರು ೨೦೨೧ರಲ್ಲಿ ದಿವಂಗತರಾದರು. ಅವರ ಪಾಠವು ಇಂದಿಗೂ ನಡೆಯುತ್ತಿದೆ.

ಈ ವ್ಯಾಸಂಗವನ್ನು ಕುರಿತು ಮಿತ್ರರು ಎರಡು ಆಕ್ಷೇಪಗಳನ್ನು ಹೇಳುವುದುಂಟು. ನಮ್ಮ ಶಾಸ್ತ್ರಗಳೇ ಒಂದು ಜನ್ಮಕ್ಕೆ ಮುಗಿಯದಿರುವಾಗ ಪರದೇಶದ ಹಳೆಯ ಕಥೆಯೇಕೆ ಎಂಬುದು ಒಂದು. ಗುರುಮುಖವಿಲ್ಲದೆ ಬಂದುದು ವಿದ್ಯೆಯೇ ಎಂಬುದು ಇನ್ನೊಂದು. ಎರಡೂ ತಳ್ಳಿಬಿಡತಕ್ಕ ಮಾತುಗಳಲ್ಲ.

ಮೊದಲನೆಯದಕ್ಕೆ ಒಂದು ದೃಷ್ಟಾಂತವನ್ನು ಹೇಳುವೆನು. ೧೨೭೪ರಲ್ಲಿ ತೀರಿಕೊಂಡ ಥಾಮಸ್ ಅಕ್ವೈನಸನೆಂಬ ಕ್ರೈಸ್ತ ಯತಿಯು ತನ್ನ ಮಹಾಗ್ರಂಥದಲ್ಲಿ ಪ್ರತಿಯೊಂದು ವಿಷಯಕ್ಕೂ ಮೊದಲು ಪ್ರತಿಪಕ್ಷದ ವಾದಗಳನ್ನು ನಿಲ್ಲಿಸಿ, ಬಳಿಕ ತನ್ನ ನಿರ್ಣಯವನ್ನು ಹೇಳಿ, ಕಡೆಗೆ ಒಂದೊಂದು ವಾದಕ್ಕೂ ಸಮಾಧಾನ ಕೊಡುವನು. ಪಾಠಶಾಲೆಯಲ್ಲಿ ಓದಿದವನಿಗೆ ಇದು ಪರಿಚಿತವಾದ ದಾರಿ. ಸಂಶಯ, ಪೂರ್ವಪಕ್ಷ, ಸಿದ್ಧಾಂತಗಳೆಂಬ ಮೀಮಾಂಸೆಯ ಕ್ರಮಕ್ಕೆ ಇದು ಬಹು ಸಮೀಪದ್ದು; ನಮ್ಮ ಜಿಲ್ಲೆಯ ಶೃಂಗೇರಿಯ ಭಾರತೀತೀರ್ಥರದೆಂದು ಪ್ರಸಿದ್ಧವಾದ ೧೪ನೆಯ ಶತಮಾನದ ವೈಯಾಸಿಕ ನ್ಯಾಯಮಾಲೆಯೂ ಪೂರ್ವಪಕ್ಷ ಸಿದ್ಧಾಂತಗಳ ಮೇಲೆಯೇ ನಿಂತಿದೆ. ಅವರು ನಮ್ಮಿಂದ ಪಡೆದರೆಂದು ಹಿಗ್ಗುವುದಕ್ಕೆ ಇಲ್ಲಿ ಪ್ರಮಾಣವಿಲ್ಲ. ಸಾದೃಶ್ಯವು ಸಾಲಕ್ಕೆ ಸಾಕ್ಷಿಯಾಗದು. ಪ್ರಾಮಾಣಿಕವಾಗಿ ವಿಚಾರಮಾಡುವವರು ಯಾವ ದೇಶದಲ್ಲಿದ್ದರೂ ಎದುರಾಳಿಯ ಮಾತನ್ನು ಮೊದಲು ಕೇಳುವರೆಂಬುದಷ್ಟೇ ಸಿದ್ಧಿಸುವುದು. ಇದನ್ನು ತಿಳಿಯಲು ಪರರ ಗ್ರಂಥವನ್ನೇ ತೆರೆಯಬೇಕು.

ಎರಡನೆಯ ಆಕ್ಷೇಪವು ಹೆಚ್ಚು ತೂಕದ್ದು. ಗುರುವು ಪಾಠ ಹೇಳುವುದಲ್ಲದೆ ಶಿಷ್ಯನನ್ನು ಪ್ರಶ್ನಿಸುವನು; ಧ್ವನಿಮುದ್ರಿತವಾದ ಪಾಠವು ಪ್ರಶ್ನಿಸದು. ಕೇಳುವವರಿಲ್ಲದ ಶಿಷ್ಯನು ತನಗೆ ಪ್ರಿಯವಾದುದನ್ನೇ ಆಯ್ದುಕೊಳ್ಳುವನು. ಆದಕಾರಣ ಪ್ರಶ್ನಿಸುವ ಭಾರವನ್ನು ಅವನೇ ಹೊರಬೇಕು.

ಉದಾಹರಣೆಗೆ, ಕ್ರಿ. ಪೂ. ೩೨೨ರಲ್ಲಿ ಮಡಿದ ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದ ಆರಂಭದಲ್ಲಿಯೇ, ಕೆಲವರು ಹುಟ್ಟಿನಿಂದಲೇ ದಾಸರೆಂದು ವಾದಿಸುವನು. ಓದಿದೊಡನೆ ನಮಗೆ ಕೋಪ ಬರುವುದು. ಆದರೆ ಬ್ರಹ್ಮಸೂತ್ರದ ಅಪಶೂದ್ರಾಧಿಕರಣವನ್ನು ಓದುವಾಗ ಅದೇ ಕೋಪವು ಬರುವುದೇ? ಇತಿಹಾಸ ಪುರಾಣಗಳ ಮೂಲಕ ಜ್ಞಾನಕ್ಕೆ ಎಲ್ಲರಿಗೂ ಅಧಿಕಾರವುಂಟೆಂದು ಶಾಂಕರಭಾಷ್ಯವು ಒಪ್ಪಿದರೂ, ವೇದದ ಬಾಗಿಲನ್ನು ಅದು ಮುಚ್ಚಿಯೇ ಇಟ್ಟಿತು. ಅಲ್ಲಿ ಅನ್ಯಾಯವೆನ್ನುವವರು ಇಲ್ಲಿ ಕಾಲಧರ್ಮವೆನ್ನುವುದು ಎರಡು ತಕ್ಕಡಿಗಳಲ್ಲಿ ತೂಗಿದಂತೆ. ಕಾಲಧರ್ಮವೆಂಬ ಸಮಾಧಾನವೂ ಪೂರ್ಣವಾಗಿ ನಿಲ್ಲದು. ದಾಸ್ಯವು ಪ್ರಕೃತಿಗೆ ವಿರುದ್ಧವೆಂದು ಹೇಳುವವರು ತನ್ನ ಕಾಲದಲ್ಲಿಯೇ ಇದ್ದರೆಂದು ಅರಿಸ್ಟಾಟಲನೇ ಬರೆದಿರುವನು. ನಮ್ಮಲ್ಲಿಯೂ ೧೨ನೆಯ ಶತಮಾನದ ಶರಣರು ಇದನ್ನು ಎತ್ತಿ ಕೇಳಿದರು. ಮಾತು ಹುಟ್ಟಿತ್ತು; ಕೇಳುವವರು ಕಡಮೆಯಾಗಿದ್ದರು.

ಅಂತರ್ಜಾಲದ ಪಾಠಶಾಲೆಯು ಕುಲವನ್ನು ಕೇಳದು. ಕಾಫಿಯ ತೋಟದಲ್ಲಿ ಹಣ್ಣು ಬಿಡಿಸುವವಳ ಮಗಳೂ, ತೋಟದೊಡೆಯನ ಮಗನೂ ಅಲ್ಲಿ ಒಂದೇ ಪೀಠದ ಮುಂದೆ ಕುಳಿತವರು. ಗುರುಮುಖದ ನಷ್ಟವನ್ನು ಈ ಲಾಭದೊಡನೆ ಇಟ್ಟು ತೂಗಬೇಕು. ಆದರೆ ಆ ಪಾಠಗಳು ಇಂಗ್ಲಿಷಿನಲ್ಲಿವೆ. ಬೆಟ್ಟಗಳ ನಡುವೆ ಮೊಬೈಲಿನ ಸಂಪರ್ಕವೂ ಎಲ್ಲ ಕಡೆ ನಿಲ್ಲದು. ತೆರೆದ ಬಾಗಿಲಿಗೂ ಹೊಸ್ತಿಲು ಎತ್ತರವಾಗಿದೆ. ೧೯೩೫ರಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕರ ಈಸ್ಕಿಲಸನ ನಾಟಕವನ್ನು ‘ಪಾರಸಿಕರು’ ಎಂಬ ಹೆಸರಿನಿಂದ ಕನ್ನಡಕ್ಕೆ ತಂದುಕೊಟ್ಟರು. ಅಂತಹ ಕೆಲಸವನ್ನು ನಮ್ಮ ಶಕ್ತಿಯಿದ್ದಷ್ಟು ಮುಂದುವರಿಸುವುದು, ಕೇಳಿ ತಿಳಿದುದನ್ನು ಊರಿನ ಮಕ್ಕಳಿಗೆ ಕನ್ನಡದಲ್ಲಿ ಹೇಳುವುದು, ಅವರು ಕೇಳುವ ಪ್ರಶ್ನೆಗಳಿಗೆ ಮೈಯೊಡ್ಡುವುದು, ಇವು ಓದುಬಲ್ಲ ಮನೆಗಳ ಮೇಲಿರುವ ಋಣವೆಂದು ನನ್ನ ಭಾವನೆ.